ಸೋಪು ಎಲ್ಲಿದೆ, ಸಾರ್?



ಹೋಟೆಲಿನ ಅಡುಗೆಮನೆಗೆ ಕೊಂಚ ಬಿಡುವು ಸಿಗುವುದು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ. ಊಟದ ಗಲಾಟೆ ಮುಗಿದಿರುತ್ತದೆ, ಸಂಜೆಯ ತಿಂಡಿಗೆ ಇನ್ನೂ ಬಾಣಲೆ ಇಟ್ಟಿರುವುದಿಲ್ಲ. ನನ್ನ ಪಾಠ ನಡೆಯುವುದು ಆ ಒಂದು ಗಂಟೆಯಲ್ಲಿ. ಈರುಳ್ಳಿ ಮೂಟೆಯ ಮೇಲೆ ಇಬ್ಬರು, ಬೋರಲು ಹಾಕಿದ ಕ್ರೇಟಿನ ಮೇಲೆ ಒಬ್ಬರು, ಗ್ರೈಂಡರಿಗೆ ಒರಗಿಕೊಂಡು ಮತ್ತೊಬ್ಬರು. ಎಲ್ಲರೂ ಬೆಳಗಿನ ನಾಲ್ಕಕ್ಕೆ ಎದ್ದವರು. ಅವರ ಮುಂದೆ ನಿಂತು ಆಹಾರ ಸುರಕ್ಷತೆಯ ಬಗ್ಗೆ ಉಪನ್ಯಾಸ ಶುರು ಮಾಡಿದರೆ ಐದೇ ನಿಮಿಷಕ್ಕೆ ತೂಕಡಿಕೆ ಬರುತ್ತದೆ. ಅದು ಅವರ ತಪ್ಪಲ್ಲ.

ಹಾಗಾಗಿ ನಾನು ಮಾತಿನಿಂದ ಶುರು ಮಾಡುವುದಿಲ್ಲ. ಬಾಣಲೆಯ ತಳದಿಂದ ಒಂದಿಷ್ಟು ಮಸಿ ಕೆರೆದು, ನಾಲ್ಕು ಹನಿ ಎಣ್ಣೆಯಲ್ಲಿ ಕಲಸಿ, ಯಾರಾದರೊಬ್ಬ ಹುಡುಗನ ಎರಡೂ ಕೈಗೆ ಹಚ್ಚುತ್ತೇನೆ. "ದಿನಾ ಹೇಗೆ ತೊಳೀತೀಯೋ ಹಾಗೇ ತೊಳ್ಕೊಂಡು ಬಾ" ಅನ್ನುತ್ತೇನೆ. ಅವನು ನಲ್ಲಿಯ ಕೆಳಗೆ ಕೈಯೊಡ್ಡಿ, ಎರಡು ಸಲ ಉಜ್ಜಿ, ಪ್ಯಾಂಟಿಗೆ ಒರೆಸಿಕೊಂಡು ಬರುತ್ತಾನೆ. ಬೆಳಕಿಗೆ ಹಿಡಿದು ನೋಡಿದರೆ ಅಂಗೈ ಮಾತ್ರ ಅಷ್ಟಿಷ್ಟು ತಿಳಿಯಾಗಿರುತ್ತದೆ. ಉಗುರಿನ ಸಂದಿ ಕಪ್ಪು. ಬೆರಳುಗಳ ನಡುವೆ ಕಪ್ಪು. ಹೆಬ್ಬೆರಳಂತೂ ಬುಡದಿಂದ ತುದಿಯವರೆಗೆ ಹಾಗೇ ಇರುತ್ತದೆ, ಏಕೆಂದರೆ ಕೈ ತೊಳೆಯುವಾಗ ಹೆಬ್ಬೆರಳನ್ನು ಬೇರೆಯಾಗಿ ಹಿಡಿದು ತೊಳೆಯುವವರು ಬಹಳ ಕಡಿಮೆ. ಚಟ್ನಿಯಲ್ಲಿ ಉಪ್ಪು ನೋಡುವಾಗ, ತಟ್ಟೆಯ ಅಂಚು ಹಿಡಿಯುವಾಗ, ಲೋಟದೊಳಗೆ ಇಳಿಯುವಾಗ ಮುಂದಿರುವುದು ಇದೇ ಹೆಬ್ಬೆರಳು. ಅಷ್ಟು ತೋರಿಸಿದರೆ ಸಾಕು, ಮೂಟೆಯ ಮೇಲೆ ಕೂತವರ ನಿದ್ದೆ ಹಾರಿಹೋಗುತ್ತದೆ. ಎಲ್ಲರೂ ತಮ್ಮ ತಮ್ಮ ಹೆಬ್ಬೆರಳು ನೋಡಿಕೊಳ್ಳುತ್ತಾರೆ. ನೀವೂ ಮನೆಯಲ್ಲಿ ಮಾಡಿ ನೋಡಬಹುದು.

ಕೆಲವು ವರ್ಷಗಳ ಹಿಂದೆ ಒಂದು ಊರಿನ ಹೋಟೆಲಿನಲ್ಲಿ ಹೀಗೆಯೇ ಮಸಿ ಹಚ್ಚಿ, "ಈಗ ಸೋಪು ಹಾಕಿ 20 ಸೆಕೆಂಡ್ ಉಜ್ಜಿ ನೋಡು" ಅಂದೆ. ಆ ಹುಡುಗ ಸುತ್ತಲೂ ನೋಡಿ, ಬಹಳ ಮೆಲ್ಲಗೆ, "ಸೋಪು ಎಲ್ಲಿದೆ, ಸಾರ್?" ಎಂದು ಕೇಳಿದ. ಎಲ್ಲರೂ ಹುಡುಕಿದೆವು. ಪಾತ್ರೆ ಉಜ್ಜುವ ಕಡೆ ನೀರಲ್ಲಿ ನೆನೆದ ಬಿಲ್ಲೆಯೊಂದಿತ್ತು. ಹೊರಗೆ ಗಿರಾಕಿಗಳ ಬೇಸಿನ್ ಹತ್ತಿರ ಲಿಕ್ವಿಡ್ ಸೋಪಿನ ಬಾಟಲಿ ಇತ್ತು. ದಿನಕ್ಕೆ ಐನೂರು ಜನರಿಗೆ ಅಡುಗೆ ಮಾಡುವ ಕೈಗಳಿಗಾಗಿ ಆ ಅಡುಗೆಮನೆಯಲ್ಲಿ ಒಂದು ಸೋಪು ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಮಾಲೀಕರು ಕೆಟ್ಟವರೇನಲ್ಲ, ಆ ಹುಡುಗರಿಗೆ ನನ್ನ ಪಾಠ ಏರ್ಪಡಿಸಿದವರೇ ಅವರು. ಅವರಿಗೆ ಅದು ಹೊಳೆದೇ ಇರಲಿಲ್ಲ.

ಅವತ್ತಿನಿಂದ ನನ್ನ ಪಾಠ ಬದಲಾಯಿತು. ಕೆಲಸಗಾರನಿಗೆ "ಹೀಗೆ ಮಾಡು" ಎಂದು ಹೇಳಿ ಬರುವುದು ತರಬೇತಿಯಲ್ಲ. ಏಕೆ ಮಾಡಬೇಕು ಎಂಬುದು ಅವನ ಕಣ್ಣಿಗೆ ಕಾಣಬೇಕು, ಮಾಡಲು ಬೇಕಾದದ್ದು ಅವನ ಕೈಗೆ ಸಿಗಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಉಳಿಯುವುದು ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟು ಮಾತ್ರ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ, ಅದರ ನಿಯಮಗಳು ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ಆ ನಿಯಮಗಳಲ್ಲಿ ನಾಲ್ಕನೆಯ ಅನುಸೂಚಿ ಎಂಬ ಭಾಗವಿದೆ. ಅಡುಗೆಯವರ ಉಗುರಿನಿಂದ ಹಿಡಿದು ಚರಂಡಿಯವರೆಗೆ ಎಲ್ಲವನ್ನೂ ಅದರಲ್ಲಿ ಬರೆದಿದ್ದಾರೆ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯಿಡ್ ಗುಂಪಿನ ಕಾಯಿಲೆಗಳಿಗೆ ಲಸಿಕೆ ಹಾಕಿಸಬೇಕು ಎಂಬುದೂ ಅದರಲ್ಲಿದೆ. 2017ರಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಫಾಸ್ಟ್ಯಾಕ್ ಎಂಬ ತರಬೇತಿ ಯೋಜನೆ ತಂದಿತು. ಆಹಾರ ಮುಟ್ಟುವ ಪ್ರತಿ 25 ಮಂದಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕು, ಅವನು ಕಲಿತದ್ದನ್ನು ಉಳಿದವರಿಗೆ ಕಲಿಸಬೇಕು ಎಂಬುದು ಅದರ ಲೆಕ್ಕ. ಒಳ್ಳೆಯ ಲೆಕ್ಕ. ಆದರೆ ಬಹಳ ಕಡೆ ತರಬೇತಿಗೆ ಹೋಗಿಬರುವುದು ಕ್ಯಾಷ್ ಕೌಂಟರಿನಲ್ಲಿ ಕೂರುವವರು. ಒಳಗೆ ಕಾಯಿ ತುರಿಯುವ ಹುಡುಗನವರೆಗೆ ಆ ಪಾಠ ಇಳಿಯುವುದೇ ಇಲ್ಲ. ಇಳಿದರೂ ಭಾಷೆಯ ಅಡ್ಡಿ. ಇವತ್ತು ಬೆಂಗಳೂರಿನ ಅಡುಗೆಮನೆಗಳಲ್ಲಿ ರಾಯಚೂರಿನವರಿದ್ದಾರೆ, ಒಡಿಶಾದವರಿದ್ದಾರೆ, ಅಸ್ಸಾಮಿನವರಿದ್ದಾರೆ, ನೇಪಾಳದವರಿದ್ದಾರೆ. ಸಿಂಕಿನ ಮೇಲೆ ಅಂಟಿಸಿದ ಇಂಗ್ಲಿಷ್ ಪೋಸ್ಟರನ್ನು ಓದುವವರು ಅವರಲ್ಲಿ ಯಾರೂ ಇರುವುದಿಲ್ಲ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಶುರುವಾದಾಗಿನಿಂದ ಆಹಾರದ ವಿಜ್ಞಾನ ನಮ್ಮ ನಾಡಿನಲ್ಲೇ ಬೆಳೆದಿದೆ. ಅಲ್ಲಿಂದ ಅದು ಒಲೆಯ ಮುಂದಿನವರ ಹತ್ತಿರಕ್ಕೆ ಬರಬೇಕಾದರೆ ಅವರ ಮಾತಿನಲ್ಲಿ, ಅವರ ಸಾಮಾನು ಹಿಡಿದು ಹೇಳಬೇಕು.

ಅವರ ಸಾಮಾನು ಅಂದೆ. ಅದರಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಹೆಗಲ ಮೇಲಿನ ವಸ್ತ್ರ. ಒಂದು ದಿನ ನಾನು ಒಬ್ಬ ಅಡುಗೆಯವರ ವಸ್ತ್ರವನ್ನೇ ಬೆಳಗಿನಿಂದ ನೋಡುತ್ತಾ ಕೂತೆ. ಐದು ಗಂಟೆಗೆ ಅದು ಒಗೆದ ಬಿಳಿ ಬಟ್ಟೆ. ಮೊದಲು ಬಿಸಿ ಕೊಪ್ಪರಿಗೆ ಇಳಿಸಲು ಹಿಡಿದರು. ಆಮೇಲೆ ಕೈ ಒರೆಸಿದರು. ಹಣೆಯ ಬೆವರು ಒರೆಸಿದರು. ತರಕಾರಿ ಹೆಚ್ಚಿದ ಚಾಕು ಒರೆಸಿದರು. ನೆಲಕ್ಕೆ ಬಿತ್ತು, ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಹಾಲು ಉಕ್ಕಿ ಚೆಲ್ಲಿದಾಗ ಒಲೆಯ ಕಟ್ಟೆ ಒರೆಸಿ, ಹಿಂಡಿ, ಪುನಃ ಹೆಗಲಿಗೆ. ಹತ್ತೂವರೆಗೆ ತೊಳೆದು ತಂದ ತಟ್ಟೆಗಳು ಒದ್ದೆಯಿದ್ದವು. ಅವನ್ನೆಲ್ಲ ಒಂದೊಂದಾಗಿ, ಬಹಳ ಶ್ರದ್ಧೆಯಿಂದ, ಆ ವಸ್ತ್ರದಲ್ಲೇ ಒರೆಸಿ ಜೋಡಿಸಿದರು. ಗಿರಾಕಿಗೆ ಒದ್ದೆ ತಟ್ಟೆ ಕೊಡಬಾರದು ಎಂಬ ಮರ್ಯಾದೆ ಅವರದ್ದು. ಬೆಚ್ಚಗೆ, ಒದ್ದೆಯಾಗಿ, ಹಾಲು ಹಿಟ್ಟುಗಳ ಪಸೆ ಹೀರಿಕೊಂಡ ಬಟ್ಟೆಗಿಂತ ಒಳ್ಳೆಯ ಗದ್ದೆ ರೋಗಾಣುವಿಗೆ ಬೇರೆ ಬೇಕಿಲ್ಲ. ನಾನು ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಮಧ್ಯಾಹ್ನ ಓದಿ ಹೇಳಿದಾಗ ಅವರಿಗೆ ಬೇಜಾರಾಯಿತು. ನನಗೂ ಆಯಿತು. ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು: "ಬಿಸಿ ಹಿಡಿಯೋಕೆ ಒಂದು, ಕಟ್ಟೆಗೆ ಒಂದು, ಬೆವರಿಗೆ ಒಂದು ಬೇಕು. ತಟ್ಟೆ ಒರಸೋದೇ ಬೇಡ, ಬಿಸಿನೀರಲ್ಲಿ ಅದ್ದಿ ಸ್ಟ್ಯಾಂಡಿಗೆ ಹಾಕಿದ್ರೆ ತಾನೇ ಆರುತ್ತೆ." ಪುಸ್ತಕದಲ್ಲಿ ಇರುವುದೂ ಅದೇ ಉತ್ತರ. ಅವರು ಪುಸ್ತಕ ಓದಿದವರಲ್ಲ.

ಬಟ್ಟೆಯ ಮಾತು ಬಂದಾಗ ಇಡ್ಲಿಯದ್ದನ್ನೂ ಹೇಳಿಬಿಡುತ್ತೇನೆ. 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ತಪಾಸಣೆ ಮಾಡಿದಾಗ ಎಷ್ಟೋ ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿರುವುದು ಕಂಡಿತು. ಹಬೆಯ ಶಾಖಕ್ಕೆ ಪ್ಲಾಸ್ಟಿಕ್ಕಿನ ರಾಸಾಯನಿಕ ಇಡ್ಲಿಗೆ ಇಳಿಯುತ್ತದೆ. ಸರ್ಕಾರ ಅದನ್ನು ನಿಷೇಧಿಸಿತು, ಸರಿಯಾಗಿಯೇ ನಿಷೇಧಿಸಿತು. ಇಡ್ಲಿ ಹಾಕುವವರನ್ನು ಜನ ಬಾಯಿಗೆ ಬಂದಂತೆ ಬೈದರು. ನಾನು ಒಬ್ಬ ಇಡ್ಲಿ ಹಾಕುವವರ ಹತ್ತಿರ ಕೂತು ಏಕೆ ಎಂದು ಕೇಳಿದೆ. ಬಟ್ಟೆಯ ಕೆಲಸವನ್ನು ಅವರು ವಿವರಿಸಿದರು: ನೆನೆಸಬೇಕು, ಹಿಂಡಬೇಕು, ಸುಕ್ಕಿಲ್ಲದಂತೆ ಹಾಸಬೇಕು, ಬೆಂದ ಮೇಲೆ ತಣ್ಣೀರು ಚಿಮುಕಿಸಿ ಬಿಡಿಸಬೇಕು, ಅಂಟಿದ ಹಿಟ್ಟು ಹೋಗುವಂತೆ ಉಜ್ಜಬೇಕು, ಕುದಿಸಬೇಕು, ಒಣಗಿಸಬೇಕು. "ಬೆಳಿಗ್ಗೆ ರಶ್‌ನಲ್ಲಿ ಇಪ್ಪತ್ತು ಬಟ್ಟೆ ಬೇಕು ಸಾರ್, ನಂಗೆ ಕೊಟ್ಟಿರೋದು ಆರು. ಒಗೆಯೋಕೆ ಜನ ಇಲ್ಲ, ಒಣಗಿಸೋಕೆ ಜಾಗ ಇಲ್ಲ. ಹಾಳೆ ಆದ್ರೆ ತೆಗೆದು ಬಿಸಾಕಿದ್ರೆ ಆಯ್ತು." ನಿಷೇಧದ ಆಜ್ಞೆ ಅವರಿಗೆ ತಲುಪಿತ್ತು. ಹದಿನಾಲ್ಕು ಬಟ್ಟೆ ತಲುಪಿರಲಿಲ್ಲ. ಗೋಬಿ ಮಂಚೂರಿಗೆ, ಕಬಾಬಿಗೆ ಕೃತಕ ಬಣ್ಣ ಹಾಕಬಾರದೆಂದು 2024ರಲ್ಲಿ ಆಜ್ಞೆ ಬಂದಾಗಲೂ ಬೀದಿ ಬದಿಯ ಗಾಡಿಯವರು ನನ್ನನ್ನು ಕೇಳಿದ್ದು ಇಂಥದ್ದೇ ಪ್ರಶ್ನೆ: ಬಣ್ಣ ಇಲ್ಲದಿದ್ದರೆ ಗಿರಾಕಿ ಮುಟ್ಟುವುದಿಲ್ಲ, ನಾವೇನು ಮಾಡಬೇಕು? ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿ ಅಂದೆ. ಒಂದಿಬ್ಬರು ಹಾಕುತ್ತಿದ್ದಾರೆ.

ಈಗ ಅನ್ನದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಾವೆಲ್ಲ ನಂಬಿರುವ ಒಂದು ಮಾತಿದೆ: "ಬಿಸಿ ಮಾಡಿದರೆ ಎಲ್ಲ ಸತ್ತುಹೋಗುತ್ತದೆ." ಹಾಲಿನ ವಿಷಯದಲ್ಲಿ, ನೀರಿನ ವಿಷಯದಲ್ಲಿ ಬಹುಮಟ್ಟಿಗೆ ಇದು ನಿಜ. ಅನ್ನದ ವಿಷಯದಲ್ಲಿ ಈ ನಂಬಿಕೆ ಮೋಸ ಮಾಡುತ್ತದೆ. ಗದ್ದೆಯ ಮಣ್ಣಿನಿಂದ ಅಕ್ಕಿಯ ಜೊತೆ ಬರುವ ಒಂದು ಬ್ಯಾಕ್ಟೀರಿಯಾ ಇದೆ, ಬ್ಯಾಸಿಲಸ್ ಸೀರಿಯಸ್ ಎಂದು ಹೆಸರು. ಅದು ಗಟ್ಟಿ ಕವಚದ ಬೀಜಾಣುವಾಗಿ ಕುಳಿತಿರುತ್ತದೆ, ಅನ್ನ ಕುದ್ದರೂ ಸಾಯುವುದಿಲ್ಲ. ಅನ್ನ ಬಿಸಿಯಾಗಿದ್ದಷ್ಟು ಹೊತ್ತು ಸುಮ್ಮನಿರುತ್ತದೆ. ಬಿಸಿ ಇಳಿದು ಬೆಚ್ಚಗಾದಾಗ ಮೊಳೆತು ಬೆಳೆಯುತ್ತದೆ, ಬೆಳೆಯುತ್ತಾ ಒಂದು ವಿಷ ಬಿಡುತ್ತದೆ. ಆಮೇಲೆ ನೀವು ಆ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ, ಹೊಗೆಯಾಡುವಂತೆ ಬಿಸಿ ಮಾಡಿ, ಬ್ಯಾಕ್ಟೀರಿಯಾ ಸಾಯಬಹುದು, ಅದು ಬಿಟ್ಟ ವಿಷ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ.

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖವನ್ನು ನಮ್ಮ ಕ್ಷೇತ್ರದಲ್ಲಿ ಅಪಾಯದ ವಲಯ ಎನ್ನುತ್ತಾರೆ. ಅಡುಗೆ ಒಂದೋ 60ರ ಮೇಲೆ ಇರಬೇಕು, ಇಲ್ಲವೇ ಬೇಗ ತಣಿಸಿ 5ರ ಕೆಳಗೆ ಫ್ರಿಜ್ಜಿನಲ್ಲಿ ಇಡಬೇಕು. ನಡುವೆ ಗಂಟೆಗಟ್ಟಲೆ ಕೂರಬಾರದು. ಅನುಕೂಲ ಸಿಕ್ಕಿದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಒಂದರಿಂದ ಲೆಕ್ಕ ಹಾಕುತ್ತಾ ಹೋಗಿ: ಏಳು ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಏಳು ಗಂಟೆ ಎಂದು ಏಕೆ ಹೇಳಿದೆನೆಂದರೆ, ಕಲ್ಯಾಣಮಂಟಪದಲ್ಲಿ ಬೆಳಿಗ್ಗೆ ಐದಕ್ಕೆ ಬಾಗಿಸಿದ ಅನ್ನ ಊಟದ ಎಲೆಗೆ ಬರುವುದು ಹನ್ನೆರಡಕ್ಕೆ.

ಅಂಥ ಒಂದು ಮಂಟಪದಲ್ಲಿ ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ, ಸೊಂಟದೆತ್ತರಕ್ಕೆ ಅನ್ನದ ರಾಶಿ ಸುರಿದು, ಮೇಲೆ ಬಟ್ಟೆ ಮುಚ್ಚಿದ್ದರು. ರಾಶಿಯ ಒಳಗೆ ಸುಡುವ ಬಿಸಿ, ಹೊರಗೆ ಮೈ ಬೆಚ್ಚಗಿನಷ್ಟು ಶಾಖ. ಹಿರಿಯ ಅಡುಗೆ ಭಟ್ಟರಿಗೆ ಹೇಳಿದೆ. "ನಲವತ್ತು ವರ್ಷದಿಂದ ಹೀಗೇ ಮಾಡ್ತಾ ಇದೀನಿ, ಒಬ್ಬರಿಗಾದ್ರೂ ಏನಾದ್ರೂ ಆಗಿದ್ಯಾ ಹೇಳಿ" ಅಂದರು. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಅದರ ಹಿಂದೆ ಅವರ ಇಡೀ ಬದುಕಿದೆ. ಆದರೆ ಭಟ್ಟರಿಗೆ ತಿಳಿಯುವುದಾದರೂ ಹೇಗೆ? ಮದುವೆ ಉಂಡು ಊರಿಗೆ ಹೋಗಿ ರಾತ್ರಿ ವಾಂತಿ ಮಾಡಿಕೊಂಡವರು ಬಿಸಿಲಿಗೆ ಆಯಿತು ಎನ್ನುತ್ತಾರೆ, ಹೋಳಿಗೆ ಎರಡು ಜಾಸ್ತಿಯಾಯಿತು ಎನ್ನುತ್ತಾರೆ, ಮಗುವಿಗಾದರೆ ದೃಷ್ಟಿ ತೆಗೆಯುತ್ತಾರೆ. ಯಾರೂ ಅನ್ನದ ರಾಶಿಯವರೆಗೆ ಬರುವುದಿಲ್ಲ. ನಾನು ಥರ್ಮಾಮೀಟರ್ ತೆಗೆದು ರಾಶಿಯ ಅಂಚಿಗೆ ಚುಚ್ಚಿದೆ. 41 ಡಿಗ್ರಿ. ಭಟ್ಟರು ಮತ್ತೇನೂ ಮಾತಾಡಲಿಲ್ಲ. ಮುಂದಿನ ಮುಹೂರ್ತಕ್ಕೆ ನಾನು ಹೋದಾಗ ಅವರು ಪಂಕ್ತಿಗೊಂದು ಸಲದಂತೆ ಮೂರು ಸಲ ಅನ್ನ ಮಾಡಿಸುತ್ತಿದ್ದರು. ಕೆಲಸ ಹೆಚ್ಚಾಯಿತು, ಆದರೆ "ಎಲೆ ಮೇಲೆ ಅನ್ನ ಹೊಗೆಯಾಡ್ತಾ ಇರುತ್ತೆ ನೋಡಿ" ಎಂಬ ಸಂತೋಷ ಅವರ ಮುಖದಲ್ಲಿತ್ತು. ಉಳಿದ ಸಾರು, ಹುಳಿಯನ್ನು ಆಳದ ಕೊಪ್ಪರಿಗೆಯಲ್ಲೇ ರಾತ್ರಿಯಿಡೀ ಬಿಡದೆ ಅಗಲ ತಟ್ಟೆಗಳಿಗೆ ಸುರಿದು ತಣಿಸಲೂ ಕಲಿತರು. ನಾನೂರು ಐನೂರು ರೂಪಾಯಿಯ ಥರ್ಮಾಮೀಟರನ್ನು ಈಗ ಅವರೇ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.

ಮಾಂಸದ ಅಡುಗೆಯಲ್ಲಿ ತಪ್ಪಿಗೆ ಸಿಗುವ ಅವಕಾಶ ಇನ್ನೂ ಕಡಿಮೆ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಶವರ್ಮ ತಿಂದ ಶಾಲಾ ಬಾಲಕಿಯೊಬ್ಬಳು ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. ಮರುವರ್ಷ ಕೇರಳ ಹಸಿಮೊಟ್ಟೆಯ ಮಯೋನೈಸನ್ನು ನಿಷೇಧಿಸಿತು. ಹಸಿ ಕೋಳಿ ಕತ್ತರಿಸಿದ ಹಲಗೆಯ ಮೇಲೆಯೇ ಸೌತೆಕಾಯಿ ಹೆಚ್ಚಿದರೆ ಕೋಳಿ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ. ಈ ಒಂದು ವಾಕ್ಯ ಅರ್ಥವಾದವರಿಗೆ ಎರಡು ಹಲಗೆ ಇಡಿ ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ.

ನಮ್ಮ ಕಡೆ ಈ ಪಾಠಕ್ಕೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಎಂಜಲು, ಮುಸುರೆ ಎಂಬ ಮಾತುಗಳು ನಮ್ಮ ಅಜ್ಜಿಯರ ಬಾಯಲ್ಲಿ ಸದಾ ಇದ್ದವು. ಒಬ್ಬರ ಬಾಯಿಗೆ ತಾಗಿದ್ದು ಇನ್ನೊಬ್ಬರಿಗೆ ಬೇಡ, ಬೆಂದದ್ದನ್ನು ಮುಟ್ಟಿದ ಕೈ ಬೇರೆಯದನ್ನು ಮುಟ್ಟುವ ಮುಂಚೆ ನೀರು ಮುಟ್ಟಬೇಕು ಎಂಬ ತಿಳಿವಳಿಕೆ ಆ ಮಾತುಗಳಲ್ಲಿದೆ. ರುಚಿ ನೋಡಿದ ಸೌಟನ್ನು ಮತ್ತೆ ಸಾರಿಗೆ ಹಾಕಬೇಡ ಎಂದು ಹೇಳಲು "ಎಂಜಲು" ಎಂಬ ಒಂದೇ ಮಾತು ಸಾಕು, ಬ್ಯಾಕ್ಟೀರಿಯಾದ ಹೆಸರು ಬೇಕಾಗುವುದಿಲ್ಲ. ತೊಡಕು ಯಾವುದೆಂದರೆ, ಇದರ ಪಕ್ಕದಲ್ಲೇ ಮಡಿ ಮೈಲಿಗೆಯೂ ಬೆಳೆದುಬಂತು. ಮಡಿ ಕೇಳಿದ್ದು ಮುಟ್ಟಿದವರು ಯಾರು ಎಂದು. ಕೈಯಲ್ಲಿ ಏನಿದೆ ಎಂದು ಅದು ಕೇಳಲಿಲ್ಲ. ಶಾಲೆಯಲ್ಲಿ ದಲಿತ ಮಹಿಳೆ ಅಡುಗೆ ಮಾಡಿದರೆ ಮಕ್ಕಳನ್ನು ಊಟಕ್ಕೆ ಕಳಿಸದ ತಂದೆತಾಯಿಗಳ ಸುದ್ದಿಯನ್ನು ನಾವು ಈಚಿನ ವರ್ಷಗಳಲ್ಲೂ ಓದಿದ್ದೇವೆ. ಆ ಸುದ್ದಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸೋಪು ಹಚ್ಚಿ ತೊಳೆದ ಯಾವ ಕೈಯಾದರೂ ಶುದ್ಧ, ತೊಳೆಯದ ಯಾವ ಕೈಯಾದರೂ ಅಶುದ್ಧ. ಮಸಿ ಹಚ್ಚಿದಾಗ ಎಲ್ಲರ ಹೆಬ್ಬೆರಳೂ ಒಂದೇ ಥರ ಕಪ್ಪಾಗಿ ಉಳಿಯುತ್ತದೆ. ಇದನ್ನು ನನ್ನ ಪಾಠದಲ್ಲಿ ಬಾಯಿಬಿಟ್ಟೇ ಹೇಳುತ್ತೇನೆ.

ನನ್ನ ಸ್ವಂತದ್ದೊಂದು ಸಂಗತಿ ಹೇಳಬೇಕು. ನಾನು ಹದಿನಾರರ ಹುಡುಗನಾಗಿದ್ದಾಗ ಮಲೆನಾಡಿನ ಒಂದು ಊರಿನ ಹೋಟೆಲಿನಲ್ಲಿ ಒಂದು ವರ್ಷ ಕೆಲಸಕ್ಕಿದ್ದೆ. ಒಂದು ಬೆಳಗ್ಗೆ ಕಾಯಿ ತುರಿಯುವಾಗ ತುರಿಮಣೆ ತೋರುಬೆರಳಿಗೆ ಆಳವಾಗಿ ಇಳಿಯಿತು. ಮಾಲೀಕರು ನೋಡಿ, "ಅರಿಶಿನ ಒತ್ತಿ ಬಟ್ಟೆ ಕಟ್ಕೋ, ಚಟ್ನಿಗೆ ಹೊತ್ತಾಯ್ತು" ಅಂದರು. ಕಟ್ಟಿಕೊಂಡೆ. ಮೂರನೆಯ ದಿನ ಬೆರಳು ಊದಿ ಕೀವಾಯಿತು. ಆ ಬೆರಳಿನಲ್ಲೇ ಇನ್ನೂ ಒಂದು ವಾರ ಕಾಯಿ ತುರಿದೆ, ಚಟ್ನಿ ಬೆರೆಸಿದೆ, ಬಡಿಸಿದೆ. ಕೀವಾದ ಗಾಯದಲ್ಲಿ ಸಾಮಾನ್ಯವಾಗಿ ಇರುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಆಹಾರಕ್ಕೆ ಬಿದ್ದು ವಿಷ ಬಿಡುತ್ತದೆ, ಆ ವಿಷವೂ ಶಾಖಕ್ಕೆ ಜಗ್ಗುವುದಿಲ್ಲ, ಚಟ್ನಿಯನ್ನಂತೂ ಯಾರೂ ಕುದಿಸುವುದಿಲ್ಲ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ನಂತರ. ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಆ ವಾರ ನನ್ನ ಕೈಯಿಂದ ತಿಂದವರ ಮುಖಗಳು ನೆನಪಿಗೆ ಬಂದವು. ದಿನಾ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದುಕೊಂಡು ಬರುತ್ತಿದ್ದ ಒಬ್ಬರು ಮುಖ್ಯವಾಗಿ. ಆದರೆ ಅವತ್ತು ನನಗೆ ಇದೆಲ್ಲ ಗೊತ್ತಿದ್ದರೂ ರಜೆ ಕೇಳುತ್ತಿದ್ದೆನೇ? ಇಲ್ಲ. ರಜೆ ಹಾಕಿದ ದಿನದ ಸಂಬಳ ಹಿಡಿಯುತ್ತಿದ್ದರು. ಮನೆಗೆ ಕಳಿಸುವ ದುಡ್ಡಿನಲ್ಲಿ ಅಷ್ಟು ಕಡಿಮೆಯಾಗುತ್ತಿತ್ತು.

ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆ ಇದ್ದಳು. ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವಳು, ಅಡುಗೆಯಲ್ಲಿ ಕೈ ಒಳ್ಳೆಯದು. ಅವಳ ಮೈಯಲ್ಲಿ ಟೈಫಾಯಿಡ್ ರೋಗಾಣು ಇತ್ತು, ಆದರೆ ಅವಳಿಗೆ ಜ್ವರವಿರಲಿಲ್ಲ. 1906ರಲ್ಲಿ ನ್ಯೂಯಾರ್ಕ್ ಸಮೀಪದ ಒಂದು ಮನೆಯಲ್ಲಿ ಹನ್ನೊಂದು ಜನರಲ್ಲಿ ಆರು ಮಂದಿಗೆ ಟೈಫಾಯಿಡ್ ಬಂದಾಗ ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರ್ ಜಾಡು ಹಿಡಿದು ಅವಳವರೆಗೆ ಬಂದ. ಅವಳು ದುಡಿದ ಬಹುತೇಕ ಮನೆಗಳಲ್ಲಿ ಒಂದಾದ ಮೇಲೊಂದು ಜ್ವರ ಬಂದಿತ್ತು. ಅವಳನ್ನು ಹಿಡಿದು ದ್ವೀಪವೊಂದರ ಆಸ್ಪತ್ರೆಯಲ್ಲಿ ಇಟ್ಟರು. 1910ರಲ್ಲಿ, ಇನ್ನು ಅಡುಗೆ ಕೆಲಸ ಮಾಡಬಾರದು ಎಂದು ಮಾತು ತೆಗೆದುಕೊಂಡು ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಮಾಡಿದಳು. ಅದರಲ್ಲಿ ಸಂಬಳ ಕಡಿಮೆ. ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೆ ಹೋದಳು. 1915ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ 25 ಮಂದಿಗೆ ಟೈಫಾಯಿಡ್ ಬಂತು, ಇಬ್ಬರು ಸತ್ತರು, ಅಲ್ಲಿ ಅಡುಗೆ ಮಾಡುತ್ತಿದ್ದವಳು ಮೇರಿ. ಮತ್ತೆ ಹಿಡಿದು ಆ ದ್ವೀಪಕ್ಕೇ ಕಳಿಸಿದರು, 1938ರಲ್ಲಿ ಸಾಯುವವರೆಗೂ ಅಲ್ಲೇ ಇದ್ದಳು. ಅವಳನ್ನು "ಟೈಫಾಯಿಡ್ ಮೇರಿ" ಎಂದು ಜಗತ್ತು ಕರೆಯಿತು. ನನಗೆ ಅವಳ ಕಥೆ ಓದಿದಾಗ ಕೋಪ ಬಂದದ್ದು ಅವಳೊಬ್ಬಳ ಮೇಲೆ ಮಾತ್ರ ಅಲ್ಲ. ನಿನ್ನ ಮೈಯಲ್ಲಿ ರೋಗಾಣು ಇದೆ ಎಂದು ಅವಳಿಗೆ ನಂಬಿಕೆ ಬರುವಂತೆ ಯಾರೂ ಕೂತು ತಿಳಿಸಿ ಹೇಳಲಿಲ್ಲ. ಅಡುಗೆ ಬಿಡು ಎಂದವರು ಅಡುಗೆಯಷ್ಟು ಸಂಬಳದ ಬೇರೆ ಕೆಲಸ ಕೊಡಲಿಲ್ಲ.

ಕಾಯಿಲೆ ಇದ್ದವನು ಆಹಾರ ಮುಟ್ಟಬಾರದು ಎಂದು ನಮ್ಮ ನಿಯಮಗಳಲ್ಲೂ ಇದೆ. ಭೇದಿಯಾದವನು, ಅದು ನಿಂತ ಮೇಲೂ ಎರಡು ದಿನ ಅಡುಗೆಯಿಂದ ದೂರ ಇರಬೇಕು ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ಆ ದಿನಗಳ ಸಂಬಳ ಹಿಡಿಯುವವರೆಗೆ ಅವನು ತನ್ನ ಹೊಟ್ಟೆನೋವನ್ನು ಬಚ್ಚಿಡುತ್ತಾನೆ. ಆದ್ದರಿಂದ ಹೋಟೆಲ್ ಮಾಲೀಕರಲ್ಲಿ ನಾನು ಕೈಮುಗಿದು ಕೇಳಿಕೊಳ್ಳುವುದು ಇಷ್ಟು: ಕಾಯಿಲೆ ಹೇಳಿಕೊಂಡವನ ಸಂಬಳ ಹಿಡಿಯಬೇಡಿ. ಕೈಗೆ ಗಾಯವಾದವನನ್ನು ಎರಡು ದಿನ ಟೋಕನ್ ಕೊಡಲು ಕೂರಿಸಿ, ಮಾರ್ಕೆಟ್ಟಿಗೆ ಕಳಿಸಿ. ನಿಮ್ಮ ಗಿರಾಕಿಗಳ ಆರೋಗ್ಯಕ್ಕೆ ಇದಕ್ಕಿಂತ ಅಗ್ಗದ ವಿಮೆ ಸಿಗುವುದಿಲ್ಲ.

ಮಾಲೀಕರು ಮನಸ್ಸು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರಿನಲ್ಲೇ ಒಂದು ಹಳೆಯ ಉದಾಹರಣೆ ಇದೆ. ಲಾಲ್‌ಬಾಗ್ ಹತ್ತಿರದ ಮಾವಳ್ಳಿ ಟಿಫಿನ್ ರೂಮ್‌ನ ಯಜ್ಞನಾರಾಯಣ ಮಯ್ಯ ಅವರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳನ್ನು ನೋಡಿದರು. ಅವರನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಶುಚಿತ್ವ, ಶಿಸ್ತು. ತಿರುಗಿ ಬಂದವರು ಪಾತ್ರೆ, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಏರ್ಪಾಡು ಮಾಡಿದರು. ಗಿರಾಕಿಗಳು ಅಡುಗೆಮನೆಯನ್ನು ನೋಡುತ್ತಾ ಒಳಗೆ ಹೋಗುವ ಪದ್ಧತಿಯೂ ಆ ಹೋಟೆಲಿನಲ್ಲಿ ಬಂತು. ನೋಡುವ ಕಣ್ಣುಗಳಿರುವಾಗ ಅಡುಗೆಮನೆ ತಾನಾಗಿ ಚೊಕ್ಕಟವಾಗುತ್ತದೆ, ಅಷ್ಟೇ ಅಲ್ಲ, ಒಳಗೆ ದುಡಿಯುವವನಿಗೆ ತನ್ನ ಕೆಲಸ ನಾಲ್ಕು ಜನ ನೋಡುವಂಥದ್ದು ಎಂಬ ಹೆಮ್ಮೆ ಬರುತ್ತದೆ. ಯಾವ ಕಾಯ್ದೆಯೂ ಒತ್ತಾಯಿಸದೆ, ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಡೆದದ್ದಿದು.

ಕೊನೆಯದಾಗಿ ಶಾಲೆಯ ಅಡುಗೆಮನೆ. 2002ರಲ್ಲಿ ಅಕ್ಷರ ದಾಸೋಹ ಶುರುವಾದ ಮೇಲೆ ನಮ್ಮ ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ತಾಯಂದಿರು ಮಕ್ಕಳಿಗೆ ಬಿಸಿಯೂಟ ಮಾಡಿ ಬಡಿಸುತ್ತಿದ್ದಾರೆ. ಇವರು ಪಡೆಯುವುದು ಸಂಬಳವಲ್ಲ, ಸಣ್ಣ ಗೌರವಧನ. ಹೊತ್ತಿರುವುದು ಬಹಳ ದೊಡ್ಡ ಹೊರೆ. ಕೆಟ್ಟ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ 4 ಲಕ್ಷ 20 ಸಾವಿರ ಜನ ಸಾಯುತ್ತಾರೆ, ಅವರಲ್ಲಿ 1 ಲಕ್ಷ 25 ಸಾವಿರ ಮಂದಿ ಐದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತು. ಮಕ್ಕಳ ಮೈ ಸಣ್ಣದು, ವಿಷ ಸ್ವಲ್ಪ ಸಾಕು.

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ಕೀಟನಾಶಕವಿದ್ದ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದರೆಂದು ತಿಳಿದುಬಂತು. ಡಬ್ಬಿ ಗಟ್ಟಿಯಾಗಿತ್ತು, ಬಿಸಾಡಲು ಮನಸ್ಸು ಬರುವಂಥದ್ದಲ್ಲ. ನಮ್ಮ ಯಾವ ಮನೆಯಲ್ಲಿ ಹಳೆಯ ಡಬ್ಬಿಯನ್ನು ತೊಳೆದು ಮತ್ತೆ ಬಳಸುವುದಿಲ್ಲ ಹೇಳಿ? ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರು ಉಂಡು ನೋಡಬೇಕೆಂಬ ಕ್ರಮವನ್ನು ಆ ಘಟನೆಯ ಮೇಲೆ ದೇಶದೆಲ್ಲೆಡೆ ಬಿಗಿ ಮಾಡಿದರು.

ಈ ಘಟನೆಯನ್ನು ನಾನು ಗದಗ ಜಿಲ್ಲೆಯಲ್ಲಿ ಬಿಸಿಯೂಟದ ಅಡುಗೆಯವರಿಗೆ ನಡೆದ ತರಬೇತಿಯಲ್ಲಿ ಹೇಳಿದೆ. ಸುಮಾರು ನಲವತ್ತು ಮಂದಿ ಕೂತಿದ್ದರು. ಯಾರೂ ಉಸಿರೆತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಳೆಯ ಕ್ಯಾನುಗಳಲ್ಲಿ ಏನನ್ನೂ ಇಡಬೇಡಿ ಎಂದಷ್ಟೇ ಹೇಳಿ ಮುಂದೆ ಹೋದೆ.

ಎರಡು ತಿಂಗಳ ನಂತರ ಆ ಕಡೆ ಹೋದಾಗ ಆ ತಾಯಿಯ ಶಾಲೆಗೆ ಹೋದೆ. ಬೇಳೆ ಕುದಿಯುತ್ತಿತ್ತು. ಕಟ್ಟೆಯ ಮೇಲೆ ಕತ್ತರಿಸಿದ ಬಾಟಲಿಯಲ್ಲಿ ಸೋಪು ಇತ್ತು. ನನ್ನನ್ನು ನೋಡಿ ಕೈ ತೊಳೆದುಕೊಂಡು, ಹೆಬ್ಬೆರಳನ್ನು ಬೇರೆ ಹಿಡಿದು ತೊಳೆದುಕೊಂಡು, "ಬರ್ರಿ ಸರ, ನಿಮಗೊಂದು ತೋರಸ್ತೀನಿ" ಎಂದು ಹಿತ್ತಿಲಿಗೆ ಕರೆದೊಯ್ದರು. ಗೋಡೆಯ ಪಕ್ಕ ಗೊಬ್ಬರದ ಚೀಲದಲ್ಲಿ ಹದಿನೈದು ಇಪ್ಪತ್ತು ಖಾಲಿ ಔಷಧದ ಕ್ಯಾನುಗಳು. ಹತ್ತಿಗೆ, ಮೆಣಸಿನಗಿಡಕ್ಕೆ ಹೊಡೆಯುವ ಕೀಟನಾಶಕದವು. ಪ್ರತಿಯೊಂದರ ತಳಕ್ಕೂ ಮೊಳೆಯಿಂದ ಮೂರು ನಾಲ್ಕು ತೂತು ಬಿದ್ದಿದ್ದವು. ತೂತು ಹಾಕಿ ಎಂದು ನಾನು ಹೇಳಿರಲಿಲ್ಲ.

"ಓಣ್ಯಾಗ ಮನಿಮನಿಗೆ ಹೋಗಿ ಇಸಗೊಂಡ ಬಂದೀನ್ರಿ" ಅಂದರು. "ತೊಳದ ಕೊಡವಾ, ಎಣ್ಣಿಗಿ ಬರ್ತದ ಅಂತ ಕೇಳವರ ಇದ್ರು. ಅದಕ್ಕ ಮೊದಲ ತೂತ ಹೊಡದ ಬಿಟ್ಟೆ. ಇನ್ನ ಯಾರೂ ಇದರಾಗ ಏನೂ ತುಂಬಂಗಿಲ್ಲ." ಒಂದು ಕ್ಯಾನು ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಕ್ಯಾನು ಕೆಳಗಿಟ್ಟು, ಮತ್ತೆ ನಲ್ಲಿಯ ಕಡೆ ಹೊರಟವರು ತಿರುಗಿ ನಿಂತು ಹೇಳಿದರು:

"ಇನ್ನ ಮೂರ ಮನಿ ಉಳದಾವ್ರಿ, ಸರ."